ಕ್ರೈಸ್ತರಲ್ಲಿ ಧ್ಯಾನ ಇತ್ತಾ? ಇದ್ದರೆ ಎಲ್ಲಿ ಹೋಯಿತು?

ನಿಮ್ಮ ಪ್ರಶ್ನೆ ಇಷ್ಟು: ಚರ್ಚಲ್ಲಿ ಹಾಡು, ಪ್ರಸಂಗ, ಪ್ರಾರ್ಥನಾಕೂಟ ಎಲ್ಲ ಇದೆ, ಸುಮ್ನೆ ಕೂರುವುದು ಮಾತ್ರ ಇಲ್ಲ. ಗೆಳೆಯರು ವಿಪಶ್ಯನ ಶಿಬಿರಕ್ಕೆ ಹೋಗಿ ಬರುತ್ತಾರೆ. ನಮ್ಮಲ್ಲೂ ಅಂಥದ್ದು ಇತ್ತಾ, ಇದ್ದರೆ ಈಗ ವಾಪಸ್ ತರೋಕೆ ಆಗುತ್ತಾ?

ಇತ್ತು. ಈಗಲೂ ಇದೆ. ನಾನು ಸಾಗರದ ಕಡೆಯವನು, ಕಥೋಲಿಕ, ಶಿವಮೊಗ್ಗದಲ್ಲಿ ಕೆಲಸ. ವಾರಕ್ಕೊಂದು ಸಂಜೆ ನಾವೊಂದಿಷ್ಟು ಜನ ಸೇರಿ ಮಾತಿಲ್ಲದೆ ಕೂರುತ್ತೇವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದಕ್ಕೆ ಹೊಸ ಕೋರ್ಸು, ಹೊಸ ಶಿಬಿರ ಅಂತ ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾವು ಈಗ ಮಾಡುತ್ತಿರುವ ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ), ಜಪಸರ (ಮಣಿ ಎಣಿಸುತ್ತಾ ಮಾಡುವ ಪ್ರಾರ್ಥನೆ) ಇವುಗಳ ಒಳಗೇ ಮೌನಕ್ಕೆ ಅಂತ ಜಾಗ ಬಿಟ್ಟಿದ್ದರು, ಅದನ್ನು ನಾವು ಸದ್ದಿನಿಂದ ತುಂಬಿಸಿಕೊಂಡಿದ್ದೇವೆ.

ಇದು ಶುರುವಾಗಿದ್ದು ಈಜಿಪ್ಟಿನ ಮರುಭೂಮಿಗೆ ಹೋಗಿ ಕೂತ ಸನ್ಯಾಸಿಗಳಿಂದ, 4ನೇ ಶತಮಾನದ ಹೊತ್ತಿಗೆ. ಅವರಲ್ಲಿ ಎವಾಗ್ರಿಯಸ್ ಅಂತ ಒಬ್ಬರಿದ್ದರು, 399ರಲ್ಲಿ ತೀರಿಕೊಂಡರು. ಪ್ರಾರ್ಥನೆಗೆ ಕೂತವನ ತಲೆಯೊಳಗೆ ನುಗ್ಗುವ ಎಂಟು ಬಗೆಯ ಯೋಚನೆಗಳನ್ನು ಅವರು ಪಟ್ಟಿ ಮಾಡಿಟ್ಟಿದ್ದಾರೆ. ಅದರಲ್ಲಿ ಬೇಸರದ ಬಗ್ಗೆ ಬರೆದದ್ದನ್ನು ಓದಿದರೆ ನಗು ಬರುತ್ತದೆ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅದರ ಕಾಟ. ಹೊತ್ತು ಹೋಗುವುದೇ ಇಲ್ಲ, ಸೂರ್ಯ ನಿಂತೇಬಿಟ್ಟ ಅನ್ನಿಸುತ್ತದೆ. ಕಣ್ಣು ಕಿಟಕಿ ಕಡೆಗೇ ಹೋಗುತ್ತದೆ. ಊಟಕ್ಕೆ ಇನ್ನೆಷ್ಟು ಹೊತ್ತಿದೆ ಅಂತ ಹೊರಗೆ ಬಂದು ಬಿಸಿಲು ನೋಡುತ್ತಾನೆ, ಯಾರಾದರೂ ಮಾತಾಡಿಸೋಕೆ ಬರ್ತಿದ್ದಾರಾ ಅಂತ ಆ ಕಡೆ ಈ ಕಡೆ ನೋಡುತ್ತಾನೆ. ಆಮೇಲೆ ಈ ಜಾಗವೇ ಸರಿ ಇಲ್ಲ, ಜೊತೆಗಿರುವವರಿಗೆ ಪ್ರೀತಿಯೇ ಇಲ್ಲ, ಬೇರೆ ಕಡೆ ಹೋದರೆ ಚೆನ್ನಾಗಿರುತ್ತೆ ಅಂತ ಯೋಚನೆ ಶುರು. ಸಾವಿರದ ಆರುನೂರು ವರ್ಷದ ಹಿಂದಿನ ಮಾತು ಇದು, ಫೋನ್ ಒಂದು ಇರಲಿಲ್ಲ ಅಷ್ಟೇ.

ಜಾನ್ ಕಾಸಿಯನ್ ಅನ್ನುವವರು ಆ ಸನ್ಯಾಸಿಗಳ ಹತ್ತಿರ ಕಲಿತು, ಕಲಿತದ್ದನ್ನು 5ನೇ ಶತಮಾನದಲ್ಲಿ ಈಗಿನ ಫ್ರಾನ್ಸಿನ ಕಡೆ ತಂದು ಬರೆದಿಟ್ಟರು. ಅವರು ಹೇಳುವ ವಿಧಾನ ತುಂಬ ಸರಳ. 70ನೇ ಕೀರ್ತನೆಯ ಮೊದಲ ಸಾಲು, ದೇವರೇ ಬೇಗ ಬಂದು ನನಗೆ ನೆರವಾಗು ಅನ್ನುವ ಅರ್ಥದ್ದು, ಅದೊಂದನ್ನೇ ಹಿಡಿದುಕೊಳ್ಳಿ. ಸುಖ ಬಂದರೂ ಅದೇ, ನಿದ್ದೆ ಬಂದರೂ ಅದೇ, ಸಿಟ್ಟು ಬಂದರೂ ಅದೇ. ನಿಮ್ಮೂರ ಕಾನ್ವೆಂಟಿನ ಸಿಸ್ಟರ್‌ಗಳು ಸಂಜೆ ಪ್ರಾರ್ಥನೆ ಶುರು ಮಾಡುವುದು ಇವತ್ತಿಗೂ ಆ ಸಾಲಿನಿಂದಲೇ. ಗ್ರೀಕ್, ರಷ್ಯಾ ಕಡೆಯ ಆರ್ಥೊಡಾಕ್ಸ್ ಸಭೆಗಳಲ್ಲಿ ಇದೇ ಥರ ಯೇಸುವಿನ ಹೆಸರು ಹಿಡಿದು, ಪಾಪಿಯಾದ ನನ್ನ ಮೇಲೆ ಕರುಣೆ ಇಡು ಅಂತ ಜಪ ಮಾಡುವ ಪದ್ಧತಿ ಒಂದು ದಿನವೂ ನಿಂತಿಲ್ಲ. ಆ ಬಗ್ಗೆ ಹಳೆಯ ಸನ್ಯಾಸಿಗಳು ಬರೆದದ್ದನ್ನೆಲ್ಲ ಒಟ್ಟುಮಾಡಿ 1782ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿದರು. ಅದರ ಹೆಸರು ಫಿಲೋಕಾಲಿಯಾ.

ಇಂಗ್ಲೆಂಡಿನಲ್ಲಿ 14ನೇ ಶತಮಾನದಲ್ಲಿ ಹೆಸರೇ ಹೇಳಿಕೊಳ್ಳದ ಒಬ್ಬರು ಇದರ ಬಗ್ಗೆ ಒಂದು ಪುಸ್ತಕ ಬರೆದಿದ್ದಾರೆ. ನಿನಗೂ ದೇವರಿಗೂ ನಡುವೆ ತಿಳಿಯಲಾರದ ಒಂದು ಮೋಡ ಇದೆ, ಬುದ್ಧಿಯಿಂದ ಅದನ್ನು ದಾಟೋಕೆ ಆಗುವುದಿಲ್ಲ, ಪ್ರೀತಿಯಿಂದ ಮಾತ್ರ ಆಗುತ್ತದೆ ಅನ್ನುವುದು ಅವರ ಮಾತಿನ ಸಾರ. ಆಷಾಢದಲ್ಲಿ ಆಗುಂಬೆ ಘಾಟಿಯಲ್ಲಿ ಗಾಡಿ ಓಡಿಸಿದವರಿಗೆ ಈ ಮೋಡ ಏನು ಅಂತ ಜಾಸ್ತಿ ವಿವರಿಸಬೇಕಾಗಿಲ್ಲ. ಅದು ಬಿಡಿ, ಅಲ್ಲಮ ಹುಟ್ಟಿದ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ. ಇಂಥ ಜಿಲ್ಲೆಯಲ್ಲಿ ಕೂತು, ದೇವರು ಮಾತಿಗೆ ಸಿಗುವುದಿಲ್ಲ ಅನ್ನುವುದನ್ನು ಯುರೋಪಿನವರು ಬಂದು ಹೇಳಿಕೊಡಲಿ ಅಂತ ಕಾಯುವುದು ಸ್ವಲ್ಪ ವಿಚಿತ್ರ ಅಲ್ವಾ?

ಹಾಗಾದರೆ ಎಲ್ಲಿ ಹೋಯಿತು? ಕಾರಣ ಒಂದಲ್ಲ. ಪ್ರೊಟೆಸ್ಟಂಟ್ ಸುಧಾರಣೆಯ ಕಾಲದಲ್ಲಿ ಬಹಳ ಕಡೆ ಮಠಗಳು ಮುಚ್ಚಿದವು. ಇಂಗ್ಲೆಂಡಿನಲ್ಲಂತೂ 1536ರಿಂದ 1540ರೊಳಗೆ ರಾಜ 8ನೇ ಹೆನ್ರಿ ಎಲ್ಲವನ್ನೂ ಮುಚ್ಚಿಸಿದ. ಧ್ಯಾನ ಕಲಿಸುತ್ತಿದ್ದದ್ದೇ ಮಠಗಳು, ಅವು ಹೋದ ಮೇಲೆ ಕಲಿಸುವವರೂ ಇಲ್ಲ. ಕಥೋಲಿಕರ ಕಡೆ ಇನ್ನೊಂದು ಕಥೆ. ರೋಮಿನಲ್ಲಿ ಮೋಲಿನೋಸ್ ಅನ್ನುವ ಸ್ಪ್ಯಾನಿಷ್ ಗುರು ಮೌನ ಪ್ರಾರ್ಥನೆ ಕಲಿಸುತ್ತಿದ್ದರು, ಜನ ಮುಗಿಬೀಳುತ್ತಿದ್ದರು. ಆತ್ಮ ಪೂರ್ತಿ ಸುಮ್ಮನಿದ್ದರೆ ಸಾಕು, ನಮ್ಮ ಪ್ರಯತ್ನವೇ ಬೇಡ ಅನ್ನುವ ಮಟ್ಟಕ್ಕೆ ಅದು ಹೋಯಿತು ಅಂತ ಪೋಪ್ 1687ರಲ್ಲಿ ಅವರ ಬೋಧನೆಯನ್ನು ಖಂಡಿಸಿದರು. ಅಲ್ಲಿಂದ ಮುಂದೆ ಮೌನ ಅಂದರೇ ಅನುಮಾನ. ಆವಿಲಾದ ಸಂತ ತೆರೇಸಾ, ಶಿಲುಬೆಯ ಸಂತ ಯೋವಾನ್ನ ಇಂಥ ಧ್ಯಾನದ ಗುರುಗಳ ಫೋಟೋ ಗೋಡೆಗೆ ಬಂತು, ಅವರು ಹೇಳಿಕೊಟ್ಟಿದ್ದು ಮಠದ ಬಾಗಿಲ ಒಳಗೇ ಉಳಿಯಿತು. ಸಂಸಾರಸ್ಥರಿಗೆ ಬಾಯಿಪಾಠದ ಪ್ರಾರ್ಥನೆ ಸಾಕು ಅಂತಾಯಿತು. ನಮ್ಮ ಕಡೆಗೂ ಬಂದದ್ದು ಹೆಚ್ಚಾಗಿ ಆ ಬಾಯಿಪಾಠವೇ.

ಆದರೆ ಬಾಯಿಪಾಠ ಅಂತ ಹಗುರ ಮಾಡಬೇಡಿ. ನಮ್ಮ ಅಜ್ಜಿಯ ಮನೆಯವರು ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಮೇಲೆ ಬಂದವರು. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಸುಲಿಯೋಕೆ ಕೂತರೆ ಎರಡೂ ಕೈ ಮೆಟ್ಟುಗತ್ತಿ ಹತ್ತಿರವೇ, ಜಪಸರ ಹಿಡಿಯೋಕೆ ಆಗುತ್ತಿರಲಿಲ್ಲ. ಹಾಗಂತ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಬಿಡುವ ಹಾಗಿಲ್ಲ. ಹತ್ತು ನಮೋ ಮರಿಯಾ ಆದ ತಕ್ಷಣ ಸುಲಿಯದ ಒಂದು ಅಡಿಕೆ ತೆಗೆದು ಮೊಣಕಾಲ ಪಕ್ಕ ಇಡುತ್ತಿದ್ದರು. ಐದು ಅಡಿಕೆ ಆದರೆ ಒಂದು ಸುತ್ತು. ಮುಂದಿನ ರಹಸ್ಯದ (ಪ್ರತಿ ಹತ್ತಕ್ಕೂ ನೆನೆಯುವ ಯೇಸು, ಮರಿಯಳ ಜೀವನದ ಒಂದು ಘಟನೆ) ಹೆಸರು ಹೇಳಿದ ಮೇಲೆ ಒಂದು ಗಳಿಗೆ ಸುಮ್ಮನಾಗುತ್ತಿದ್ದರು, ಕತ್ತಿಯ ಸದ್ದು ಮಾತ್ರ ಕೇಳುತ್ತಿತ್ತು. ಅವರಿಗೆ ಕಾಸಿಯನ್ ಯಾರು ಅಂತ ಗೊತ್ತಿರಲಿಲ್ಲ. ಗೊತ್ತಾಗಬೇಕಾಗೂ ಇರಲಿಲ್ಲ. ಪೋಪ್ 6ನೇ ಪೌಲರು 1974ರಲ್ಲಿ ಬರೆದರು, ಧ್ಯಾನ ಇಲ್ಲದ ಜಪಸರ ಆತ್ಮ ಇಲ್ಲದ ದೇಹ ಇದ್ದ ಹಾಗೆ ಅಂತ. ಈಗ ನಾವು ಆ ಗಳಿಗೆಯನ್ನು ತೆಗೆದುಹಾಕಿ, ಸೀರಿಯಲ್ ಶುರುವಾಗೋದರೊಳಗೆ ಐದೂ ರಹಸ್ಯ ಮುಗಿಸುತ್ತೇವೆ.

ವಾಪಸ್ ತರುವ ಕೆಲಸ ಕಳೆದ ಶತಮಾನದಲ್ಲೇ ಶುರುವಾಗಿದೆ. ನನಗೆ ತುಂಬ ಇಷ್ಟವಾದದ್ದು ಜಾನ್ ಮೇನ್ ಅವರ ಕಥೆ. 1950ರ ದಶಕದಲ್ಲಿ ಮಲಯಾದಲ್ಲಿ ಬ್ರಿಟಿಷ್ ಸರ್ಕಾರದ ಕೆಲಸದಲ್ಲಿದ್ದಾಗ ಸ್ವಾಮಿ ಸತ್ಯಾನಂದ ಅನ್ನುವವರ ಹತ್ತಿರ ಧ್ಯಾನ ಕಲಿತರು. ನಾನು ಕ್ರೈಸ್ತ ಅಂದಿದ್ದಕ್ಕೆ ಸ್ವಾಮೀಜಿ, ಹಾಗಾದರೆ ಕ್ರೈಸ್ತ ಮಂತ್ರವನ್ನೇ ಹಿಡಿದುಕೊಳ್ಳಿ ಅಂದರು. ಆಮೇಲೆ ಇವರು 1959ರಲ್ಲಿ ಲಂಡನ್ನಿನ ಬೆನೆಡಿಕ್ಟೈನ್ ಮಠ ಸೇರಿದರೆ, ಅಲ್ಲಿನ ಗುರುಗಳು ಇದು ನಮ್ಮ ಪದ್ಧತಿ ಅಲ್ಲ, ಬಿಡಿ ಅಂದರು. ಬಿಟ್ಟರು. ವರ್ಷಗಳ ನಂತರ ಕಾಸಿಯನ್ ಬರೆದದ್ದನ್ನು ಕೈಗೆತ್ತಿಕೊಂಡಾಗ ಸ್ವಾಮೀಜಿ ಹೇಳಿಕೊಟ್ಟದ್ದೇ ಅಲ್ಲಿ ಸಿಕ್ಕಿತು, ಅದೂ ತಮ್ಮದೇ ಸಂಪ್ರದಾಯದ ಹಳೇ ಪುಸ್ತಕದಲ್ಲಿ. ಅಮೆರಿಕದಲ್ಲಿ ಥಾಮಸ್ ಕೀಟಿಂಗ್ ಮತ್ತವರ ಜೊತೆಯ ಟ್ರಾಪಿಸ್ಟ್ ಸನ್ಯಾಸಿಗಳು 1970ರ ದಶಕದಲ್ಲಿ ಆ ಮೋಡದ ಪುಸ್ತಕದ ಮೇಲೆ ಇಂಥದ್ದೇ ವಿಧಾನ ಕಟ್ಟಿದರು. ನಮ್ಮ ದೇಶದಲ್ಲಿ ಇದಕ್ಕೂ ಮೊದಲೇ, 1950ರಲ್ಲಿ, ತಮಿಳುನಾಡಿನ ಕುಳಿತಲೈ ಹತ್ತಿರ ಕಾವೇರಿ ದಡದಲ್ಲಿ ಇಬ್ಬರು ಫ್ರೆಂಚ್ ಗುರುಗಳು ಶಾಂತಿವನಂ ಆಶ್ರಮ ಶುರು ಮಾಡಿದ್ದರು. ಮೈಸೂರಿನಲ್ಲಿ ಅಮಲೋರ್ಪವದಾಸ್ ಗುರುಗಳು ಕಟ್ಟಿದ ಅಂಜಲಿ ಆಶ್ರಮ ಇದೆ, ಶಿವಮೊಗ್ಗದವರಿಗೆ ರಾತ್ರಿ ರೈಲು ಹತ್ತಿದರೆ ಆಯಿತು.

ಈಗ ನಿಮ್ಮ ಮನೆಯವರು ಕೇಳಬಹುದಾದ ಪ್ರಶ್ನೆ. ಇದು ಯೋಗ ಅಲ್ವಾ, ಮನಸ್ಸು ಖಾಲಿ ಬಿಟ್ಟರೆ ಸೈತಾನ ಬಂದು ಕೂರುವುದಿಲ್ವಾ? ನನಗೂ ಎಷ್ಟೋ ಜನ ಕೇಳಿದ್ದಾರೆ. ವ್ಯಾಟಿಕನ್ 1989ರಲ್ಲಿ ಇದರ ಬಗ್ಗೆಯೇ ಒಂದು ಪತ್ರ ಹೊರಡಿಸಿದೆ. ಆಗ ಕಾರ್ಡಿನಲ್ ಆಗಿದ್ದು ಮುಂದೆ ಪೋಪ್ 16ನೇ ಬೆನೆಡಿಕ್ಟ್ ಆದವರ ಸಹಿ ಅದಕ್ಕಿದೆ. ಬೇರೆ ಧರ್ಮಗಳ ವಿಧಾನದಲ್ಲಿ ಉಪಯೋಗ ಆಗುವುದನ್ನು ತೆಗೆದುಕೊಳ್ಳಬಹುದು, ಆದರೆ ಕ್ರೈಸ್ತ ಪ್ರಾರ್ಥನೆಯ ತಿರುಳು ಮರೆಯಾಗಬಾರದು ಅನ್ನುತ್ತದೆ. ಜೊತೆಗೆ ಒಂದು ಎಚ್ಚರಿಕೆ ಇದೆ, ನನಗೆ ಅದು ಬಹಳ ಸರಿ ಕಾಣುತ್ತದೆ: ಉಸಿರು ನಿಧಾನವಾಗಿ ಮೈ ಹಗುರಾದ ತಕ್ಷಣ ಅದನ್ನೇ ಪವಿತ್ರಾತ್ಮರ ಕೃಪೆ ಅಂದುಕೊಳ್ಳಬೇಡಿ. ಅನುಭವ ಬೇಕು, ಬೆಳಕು ಕಾಣಬೇಕು ಅಂತ ಬರುವವರು ನಮ್ಮ ಗುಂಪಿಗೂ ಬರುತ್ತಾರೆ. ಜಾಸ್ತಿ ದಿನ ನಿಲ್ಲುವುದಿಲ್ಲ.

ಮಾಡುವುದು ಹೇಗೆ? ಬೆಳಗ್ಗೆ ಇಪ್ಪತ್ತು ನಿಮಿಷ, ಸಂಜೆ ಆದರೆ ಇನ್ನೊಂದು ಇಪ್ಪತ್ತು. ಕುರ್ಚಿ, ಚಾಪೆ ಯಾವುದಾದರೂ ಸರಿ, ಬೆನ್ನು ನೇರ ಇರಲಿ. ಆ ದಿನದ ಶುಭಸಂದೇಶದ (ಬೈಬಲಿನಲ್ಲಿ ಯೇಸುವಿನ ಕಥೆ ಇರುವ ಭಾಗ) ನಾಲ್ಕು ಸಾಲು ನಿಧಾನವಾಗಿ ಓದಿ, ಯಾವ ಮಾತು ತಡೆದು ನಿಲ್ಲಿಸುತ್ತದೋ ಅಲ್ಲೇ ನಿಲ್ಲಿ. ಆಮೇಲೆ ಪುಸ್ತಕ ಮುಚ್ಚಿ ಒಂದು ಚಿಕ್ಕ ಮಾತು, ಯೇಸುವಿನ ಹೆಸರಾದರೂ ಸಾಕು, ಅದನ್ನು ಒಳಗೇ ಹೇಳಿಕೊಳ್ಳುತ್ತಾ ಇರಿ. ಸೊಸೈಟಿ ಸಾಲದಿಂದ ಹಿಡಿದು ಎಲ್ಲ ನೆನಪಾಗುತ್ತದೆ. ಆಗಲಿ. ಜಗಳ ಆಡದೆ ಆ ಮಾತಿಗೆ ವಾಪಸ್ ಬನ್ನಿ. ಇಷ್ಟೇ ವಿಧಾನ. ಒಬ್ಬರೇ ಮಾಡಿದರೆ ಬಿಟ್ಟುಹೋಗುತ್ತದೆ, ಇನ್ನಿಬ್ಬರನ್ನು ಸೇರಿಸಿಕೊಳ್ಳಿ. ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ ಮಾಡಿ, ಔಷಧಿ ಮಾತ್ರ ನಿಲ್ಲಿಸಬೇಡಿ. ಸಂತ ಯೋವಾನ್ನರು ಹೇಳಿದ ಆತ್ಮದ ಕತ್ತಲ ರಾತ್ರಿ, ಅಂದರೆ ಪ್ರಾರ್ಥನೆಯಲ್ಲಿ ದೇವರೇ ದೂರವಾದ ಹಾಗೆ ಅನ್ನಿಸುವ ಕಾಲ, ಅದು ಬೇರೆ, ಕಾಯಿಲೆ ಬೇರೆ.

ನೀವು ಕಥೋಲಿಕರಾದರೆ ಇನ್ನೊಂದು ಕೆಲಸ ಮಾಡಿ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಬಲಿಪೂಜೆಯ ಸಾಮಾನ್ಯ ನಿಯಮಗಳ 45ನೇ ಕಲಂನಲ್ಲಿ ಎಲ್ಲೆಲ್ಲಿ ಸುಮ್ಮನಿರಬೇಕು ಅಂತ ಬರೆದೇ ಇದೆ: ಪಶ್ಚಾತ್ತಾಪದ ವಿಧಿಯಲ್ಲಿ, ಪ್ರಾರ್ಥಿಸೋಣ ಅಂದ ಮೇಲೆ, ವಾಚನ ಅಥವಾ ಪ್ರಬೋಧನೆ ಮುಗಿದ ಮೇಲೆ, ಪರಮಪ್ರಸಾದ ಆದ ಮೇಲೆ. ನಮ್ಮಲ್ಲಿ ಏನಾಗುತ್ತದೆ ನೋಡಿ. ಪ್ರಸಾದ ಹಂಚಿ ಮುಗಿಯುವ ಮುಂಚೆಯೇ ಎರಡನೇ ಹಾಡು, ಅದು ಮುಗಿದರೆ ಕೀಬೋರ್ಡಿನವನು ಸುಮ್ನೆ ಒಂದು ರಾಗ ಎಳೆಯುತ್ತಿರುತ್ತಾನೆ, ಅದು ನಿಲ್ಲುತ್ತಿದ್ದ ಹಾಗೆ ಹಬ್ಬದ ಚಂದಾ, ಕಳೆದುಹೋದ ಛತ್ರಿ, ಗೇಟಿಗೆ ಅಡ್ಡ ನಿಂತ ಬೈಕಿನ ಪ್ರಕಟಣೆ. ಫಾದರ್ ಹತ್ತಿರ ಹೋಗಿ ಧ್ಯಾನದ ಕೋರ್ಸ್ ಮಾಡಿಸಿ ಅಂತ ಕೇಳಿದರೆ, ನೋಡೋಣ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಪ್ರಸಾದ ಆದ ಮೇಲೆ ಮೂರು ನಿಮಿಷ ಯಾರೂ ಹಾಡುವುದು ಬೇಡ, ನಿಯಮದಲ್ಲೇ ಇದೆ ಅಂತ ಕೇಳಿ ನೋಡಿ, ಬೇಡ ಅನ್ನುವುದು ಕಷ್ಟ. ಅದಕ್ಕೂ ಮೊದಲು ಗಾಯನ ವೃಂದದವರನ್ನು ಒಪ್ಪಿಸಿಕೊಳ್ಳಿ. ನಮ್ಮಲ್ಲಿ ಫಾದರ್ ಒಂದೇ ಮಾತಿಗೆ ಹೂಂ ಅಂದರು, ಕೀಬೋರ್ಡಿನ ಹುಡುಗನನ್ನು ಒಪ್ಪಿಸೋಕೆ ಒಂದಿಡೀ ಮಳೆಗಾಲ ಹಿಡಿಯಿತು.