ಕೋಡ್ ಪ್ರಶ್ನೋತ್ತರ: ಒಂದೇ ಕೀ, ಒಂದೇ ಸಂದೇಶ, ಬೇರೆ ಬೇರೆ ಮ್ಯಾಕ್

ಪ್ರಶ್ನೆ: ನಮ್ಮ ಕ್ಲೈಂಟ್ ಪೈಥಾನ್‌ನಲ್ಲಿದೆ, ಸರ್ವರ್ ಜಾವಾದಲ್ಲಿ. ಎರಡೂ ಕಡೆ ಒಂದೇ ಗುಪ್ತ ಕೀ ಇಟ್ಟು, ಸಂದೇಶ ಬದಲಾಗಿಲ್ಲ ಎಂದು ತೋರಿಸುವ ಮ್ಯಾಕ್ ಎಂಬ ಗುರುತನ್ನು ಎಚ್‌ಮ್ಯಾಕ್-ಶಾ256 ವಿಧಾನದಲ್ಲಿ ಲೆಕ್ಕ ಹಾಕುತ್ತೇವೆ (ಶಾ256 ಎಂದರೆ ಯಾವ ಸಂದೇಶವನ್ನಾದರೂ 32 ಬೈಟಿಗೆ ಇಳಿಸುವ ಹ್ಯಾಶ್). ಮ್ಯಾಕ್ ಮಾತ್ರ ತಾಳೆಯಾಗುವುದಿಲ್ಲ. ಲೈಬ್ರರಿಯಲ್ಲೇ ದೋಷವಿರಬಹುದೇ?

ಉತ್ತರ: ಆ ಅನುಮಾನವನ್ನು ಮೊದಲು ಬಗೆಹರಿಸಿಕೊಂಡುಬಿಡಿ. ಆರ್‌ಎಫ್‌ಸಿ 4231 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ಉತ್ತರ ಸಮೇತ ಪರೀಕ್ಷಾ ಮಾದರಿಗಳಿವೆ. ಮೊದಲನೆಯದರ ಕೀ, 11 ಎಂಬ ಬೆಲೆಯ ಬೈಟ್ 20 ಸಲ; ಸಂದೇಶ 8 ಬೈಟಿನ ಒಂದು ಇಂಗ್ಲಿಷ್ ಪದಗುಚ್ಛ. ಹೆಕ್ಸ್ (ಪ್ರತಿ ಬೈಟಿಗೆ ಎರಡು ಅಕ್ಷರದ ಬರವಣಿಗೆ) ಉತ್ತರ ‘ಬಿ0344ಸಿ61’ ಎಂದು ಶುರುವಾಗಬೇಕು. ಎರಡೂ ಕಡೆ ಹಾಗೇ ಬಂದರೆ ಲೈಬ್ರರಿಗಳು ಸರಿಯಿವೆ, ನೀವು ಒಳಗೆ ಕೊಡುತ್ತಿರುವ ಬೈಟ್‌ಗಳು ಬೇರೆ ಇವೆ ಎಂದರ್ಥ.

ಆಮೇಲೆ ಮಾಡಬೇಕಾದ್ದು ಒಂದೇ. ಒಂದು ಪರೀಕ್ಷಾ ಕೀ ಇಟ್ಟುಕೊಂಡು, ಮ್ಯಾಕ್ ಲೆಕ್ಕ ಹಾಕುವ ಸಾಲಿನ ಹಿಂದಿನ ಸಾಲಿನಲ್ಲೇ ಕೀ ಮತ್ತು ಸಂದೇಶದ ಉದ್ದವನ್ನೂ ಹೆಕ್ಸ್ ರೂಪವನ್ನೂ ಮುದ್ರಿಸಿ. ನಿಜವಾದ ಕೀಯನ್ನು ಲಾಗ್‌ಗೆ ಬಿಡಬೇಡಿ. ಕೀ ಒಂದು ಕಡೆ 32 ಬೈಟ್, ಇನ್ನೊಂದು ಕಡೆ 64 ಬೈಟ್ ಕಂಡರೆ, ಹೆಕ್ಸ್‌ನಲ್ಲಿ ಬರೆದಿಟ್ಟ ಕೀಯನ್ನು ಯಾರೋ ಡಿಕೋಡ್ ಮಾಡದೆ ಅಕ್ಷರಗಳಾಗಿಯೇ ಬಳಸಿದ್ದಾರೆ, ಪೈಥಾನ್‌ನಲ್ಲಿ ‘ಬೈಟ್ಸ್.ಫ್ರಮ್‌ಹೆಕ್ಸ್’ ಮೂಲಕ ಓದಿಸಿ. ಸಂದೇಶದ ಕೊನೆಗೆ ಒಂದು ಬೈಟ್ ಹೆಚ್ಚಿಗೆ ಇದ್ದರೆ ಅದು ಬಹುಪಾಲು ಫೈಲಿನಿಂದ ಬಂದ ಹೊಸ ಸಾಲಿನ ಗುರುತು. ಜೆಸನ್ ಆಗಿದ್ದರೆ ಪಾರ್ಸ್ ಮಾಡಿ ಮತ್ತೆ ಕಟ್ಟಿದ್ದಕ್ಕೆ ಮ್ಯಾಕ್ ಹಾಕಲೇಬೇಡಿ: ಖಾಲಿ ಜಾಗ, ಫೀಲ್ಡ್‌ಗಳ ಕ್ರಮ ಎರಡೂ ಬದಲಾಗಬಹುದು. ಬಂದ ಬೈಟ್‌ಗಳು ಬಂದ ಹಾಗೇ ಇರಲಿ.

ಸಂದೇಶದಲ್ಲಿ ಕನ್ನಡವಿದ್ದರೆ ಇನ್ನಷ್ಟು ಎಚ್ಚರ ಬೇಕು. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿಸುವ ಒಂದು ಎನ್‌ಕೋಡಿಂಗ್) ‘ಕೋ’ ಎಂಬುದು 6 ಬೈಟ್ ಆಗಬಹುದು, 12 ಬೈಟೂ ಆಗಬಹುದು. ಓತ್ವದ ಚಿಹ್ನೆಯನ್ನು ಯೂನಿಕೋಡ್ ಒಂದೇ ಸಂಕೇತವಾಗಿಯೂ ಮೂರು ಬಿಡಿ ಸಂಕೇತಗಳಾಗಿಯೂ ಒಪ್ಪುತ್ತದೆ. ಪರದೆಯ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕಳಿಸುವ ಕಡೆ ಎನ್‌ಎಫ್‌ಸಿಗೆ (ಬಿಡಿ ಸಂಕೇತಗಳನ್ನು ಕೂಡಿಸಿದ ಯೂನಿಕೋಡ್ ರೂಪ) ತಂದು, ಅಲ್ಲಿಂದಾಚೆ ಮುಟ್ಟದಿರಿ.

ಜಾವಾ 18ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ, ಪಠ್ಯವನ್ನು ಬೈಟ್‌ಗಳಾಗಿಸುವ ‘ಗೆಟ್‌ಬೈಟ್ಸ್’ಗೆ ಎನ್‌ಕೋಡಿಂಗ್ ಹೇಳದಿದ್ದರೆ ಅದು ಯಂತ್ರದ ಡಿಫಾಲ್ಟ್ ಬಳಸುತ್ತದೆ. ಆ ಡಿಫಾಲ್ಟ್‌ನಲ್ಲಿ ಕನ್ನಡವಿಲ್ಲದಿದ್ದರೆ ಪ್ರತಿ ಸಂಕೇತವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಆಗ ಮ್ಯಾಕ್ ತಾಳೆಯಾಗದಿರುವುದು ಸಣ್ಣ ತೊಂದರೆ. ಎರಡೂ ಕಡೆ ಅಂಥದೇ ಯಂತ್ರಗಳಿದ್ದರೆ ಬರೀ ಕನ್ನಡ ಅಕ್ಷರಗಳಿರುವ, ಒಂದೇ ಉದ್ದದ ಎಲ್ಲ ಸಂದೇಶಗಳಿಗೂ ಒಂದೇ ಮ್ಯಾಕ್ ಬರುತ್ತದೆ, ಪರಿಶೀಲನೆಯೂ ನಿರಾತಂಕವಾಗಿ ಪಾಸಾಗುತ್ತದೆ! ಯುಟಿಎಫ್-8 ಎಂದು ಕೋಡ್‌ನಲ್ಲಿ ಬರೆದೇ ಹೇಳಿ.

ಪ್ರಶ್ನೆ: ಕೀ ಮತ್ತು ಸಂದೇಶ ಜೋಡಿಸಿ ನೇರ ಶಾ256 ಹಾಕಿದರೆ ಸಾಲದೇ?

ಉತ್ತರ: ಸಾಲದು. ಶಾ256ರ ಫಲಿತಾಂಶ ಎಂದರೆ ಅದರ ಒಳಗಿನ ಕೊನೆಯ ಸ್ಥಿತಿಯೇ. ಮ್ಯಾಕ್ ಕೈಗೆ ಸಿಕ್ಕವನು ಅಲ್ಲಿಂದ ಮುಂದುವರಿದು, ಕೀ ಗೊತ್ತಿಲ್ಲದೆಯೂ ನಿಮ್ಮ ಸಂದೇಶದ ಬಾಲಕ್ಕೆ ತನ್ನ ಮಾತು ಸೇರಿಸಿ ಸರಿಯಾದ ಮ್ಯಾಕ್ ಕೊಡಬಲ್ಲ. ಕೀಯ ಉದ್ದ ಊಹಿಸಿದರೆ ಸಾಕು. ಎಚ್‌ಮ್ಯಾಕ್ ಕೀ ಬೆರೆಸಿ ಎರಡು ಸಲ, ಒಂದರೊಳಗೊಂದು ಹ್ಯಾಶ್ ಮಾಡುವುದರಿಂದ ಆ ದಾರಿ ಮುಚ್ಚುತ್ತದೆ.

ಪ್ರಶ್ನೆ: ಖಾತೆ ಸಂಖ್ಯೆ, ಮೊತ್ತ ಎರಡನ್ನೂ ಮ್ಯಾಕ್ ಆಬ್ಜೆಕ್ಟಿನ ‘ಅಪ್‌ಡೇಟ್’ ಮೂಲಕ ಒಂದರ ಹಿಂದೆ ಒಂದು ಕೊಡುತ್ತಿದ್ದೇವೆ. ಸರಿಯೇ?

ಉತ್ತರ: ಅಪಾಯಕಾರಿ. ‘ಅಪ್‌ಡೇಟ್’ ಫೀಲ್ಡ್‌ಗಳ ನಡುವೆ ಗೆರೆ ಎಳೆಯುವುದಿಲ್ಲ. ಖಾತೆ 12, ಮೊತ್ತ 3400 ಇರಲಿ, ಖಾತೆ 123, ಮೊತ್ತ 400 ಇರಲಿ, ಲೈಬ್ರರಿಗೆ ಕಾಣುವುದು 123400 ಮಾತ್ರ. ಪ್ರತಿ ಫೀಲ್ಡಿಗೆ ಮುಂಚೆ ಅದರ ಉದ್ದವನ್ನು 4 ಬೈಟಿನಲ್ಲಿ ಸೇರಿಸಿ. ಇನ್ನೊಂದು ಮಾತು: ಪೈಥಾನ್‌ನಲ್ಲಿ ‘ಡೈಜೆಸ್ಟ್’ ಮೂಲಕ ಮ್ಯಾಕ್ ಕೇಳಿದ ಮೇಲೂ ಆಬ್ಜೆಕ್ಟ್ ಹಳೆಯದನ್ನು ಮರೆಯುವುದಿಲ್ಲ, ಮುಂದಿನ ಸಂದೇಶ ಹಿಂದಿನದಕ್ಕೇ ಅಂಟಿಕೊಳ್ಳುತ್ತದೆ. ಜಾವಾದಲ್ಲಿ ಅದೇ ಕೆಲಸದ ‘ಡೂಫೈನಲ್’ ಕರೆದ ಮೇಲೆ ಆಬ್ಜೆಕ್ಟ್ ಮೊದಲಿನ ಸ್ಥಿತಿಗೆ ಮರಳುತ್ತದೆ. ಪೈಥಾನ್‌ನಲ್ಲಿ ಸಂದೇಶಕ್ಕೊಂದು ಹೊಸ ಆಬ್ಜೆಕ್ಟ್ ಮಾಡಿ.

ಪ್ರಶ್ನೆ: ಬಂದ ಮ್ಯಾಕ್ ಅನ್ನು ಎರಡು ಸಮ ಚಿಹ್ನೆ ಹಾಕಿ ಹೋಲಿಸಬಹುದೇ?

ಉತ್ತರ: ಬೇಡ. ಆ ಹೋಲಿಕೆ ಮೊದಲ ವ್ಯತ್ಯಾಸಕ್ಕೇ ನಿಂತುಬಿಡಬಹುದು. ತಗಲುವ ಸಮಯ ಅಳೆಯುತ್ತ ಒಂದೊಂದೇ ಬೈಟ್ ಊಹಿಸಲು ಅದು ಅವಕಾಶ ಕೊಡುತ್ತದೆ. ಪೈಥಾನ್‌ನಲ್ಲಿ ‘ಎಚ್‌ಮ್ಯಾಕ್.ಕಂಪೇರ್_ಡೈಜೆಸ್ಟ್’, ಜಾವಾದಲ್ಲಿ ‘ಮೆಸೇಜ್‌ಡೈಜೆಸ್ಟ್.ಈಸ್‌ಈಕ್ವಲ್’ ಇವೆ. ಹೆಕ್ಸ್ ಪಠ್ಯ ಹೋಲಿಸಿದರೆ ದೊಡ್ಡಕ್ಷರ, ಚಿಕ್ಕಕ್ಷರದ ತಕರಾರು ಬರುತ್ತದೆ. ಡಿಕೋಡ್ ಮಾಡಿ 32 ಬೈಟ್‌ಗಳನ್ನೇ ಹೋಲಿಸಿ.

ಪ್ರಶ್ನೆ: ಕೀ ಎಷ್ಟು ಉದ್ದವಿರಬೇಕು? ಪಾಸ್‌ವರ್ಡ್ ಇಡಬಹುದೇ?

ಉತ್ತರ: ಪಾಸ್‌ವರ್ಡ್ ಬೇಡ, ಒಂದು ಸಂದೇಶ ಮತ್ತು ಅದರ ಮ್ಯಾಕ್ ಸಿಕ್ಕವನು ತನ್ನ ಯಂತ್ರದಲ್ಲೇ ಕೂತು ಊಹಿಸುತ್ತ ಹೋಗಬಹುದು. ಪೈಥಾನ್‌ನ ‘ಸೀಕ್ರೆಟ್ಸ್.ಟೋಕನ್_ಬೈಟ್ಸ್(32)’ ಕೊಡುವ 32 ಯಾದೃಚ್ಛಿಕ ಬೈಟ್ ಬಳಸಿ. ಶಾ256ರಲ್ಲಿ 64 ಬೈಟ್ ಮೀರಿದ ಕೀಯನ್ನು ಎಚ್‌ಮ್ಯಾಕ್ ತಾನೇ ಹ್ಯಾಶ್ ಮಾಡಿ 32ಕ್ಕೆ ಇಳಿಸುತ್ತದೆ, ಹಾಗಾಗಿ ಅದಕ್ಕಿಂತ ಉದ್ದ ಮಾಡಿ ಪ್ರಯೋಜನವಿಲ್ಲ.