ಸಂಪಾದಕರ ಉತ್ತರ: ಬೀಗದ ಕೈ ಯಾರ ಕೈಗೆ?

ಉತ್ತರ ಕರ್ನಾಟಕದ ಕ್ರೈಸ್ತ ಕಾಲೇಜೊಂದರಲ್ಲಿ ಎರಡು ವರ್ಷಗಳಿಂದ ವಿದ್ಯಾರ್ಥಿಗಳ ನಡುವೆ ಸೇವೆಯಲ್ಲಿರುವ ಯುವ ಸಭಾಪಾಲಕರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಕಳೆದ ಡಿಸೆಂಬರಿನ ಕ್ರಿಸ್ಮಸ್ ಗೀತಸಂಜೆಗೆ 300 ವಿದ್ಯಾರ್ಥಿಗಳು ಬಂದಿದ್ದರು. ಫೆಬ್ರುವರಿಯ ಹೊತ್ತಿಗೆ ಬುಧವಾರದ ಪ್ರಾರ್ಥನಾ ಕೂಟದಲ್ಲಿ ಉಳಿದವರು 14 ಮಂದಿ. ಆಡಳಿತ ಮಂಡಳಿಯವರು ಇಡೀ ವರ್ಷದ ಕಾರ್ಯಯೋಜನೆಯನ್ನು ಬರೆದು ಕೊಡಿ ಎನ್ನುತ್ತಿದ್ದಾರೆ. ಹಿರಿಯ ಸಭಾಪಾಲಕರೊಬ್ಬರು, ಯೋಜನೆ ಹಾಕುವುದು ಕಂಪನಿಗಳ ಕೆಲಸ, ಪವಿತ್ರಾತ್ಮನಿಗೆ ವೇಳಾಪಟ್ಟಿ ಕಟ್ಟಬೇಡಿ ಎಂದಿದ್ದಾರೆ. ಯಾರ ಮಾತು ಕೇಳಲಿ, 45,000 ರೂಪಾಯಿ ಹಾಕಿ ಒಳ್ಳೆಯ ಸೌಂಡ್ ಸಿಸ್ಟಮ್ ಕೊಂಡು ಇನ್ನೂ ದೊಡ್ಡ ಕಾರ್ಯಕ್ರಮ ಮಾಡಿದರೆ ವಿದ್ಯಾರ್ಥಿಗಳು ಉಳಿಯುತ್ತಾರೆಯೇ ಎಂಬುದು ಅವರ ಪ್ರಶ್ನೆ.

ಪ್ರಿಯ ಸಹೋದರರೇ, ವಂದನೆಗಳು.

300 ಎಂಬ ಸಂಖ್ಯೆಯನ್ನು ಬರೆದು ಪತ್ರ ಮುಗಿಸಿಬಿಡಬಹುದಾಗಿತ್ತು. ನೀವು 14 ಎಂಬುದನ್ನೂ ಬರೆದಿರಿ. ಆ ಪ್ರಾಮಾಣಿಕತೆಗಾಗಿಯೇ ನಿಮಗೆ ಇಷ್ಟು ದೀರ್ಘವಾಗಿ ಉತ್ತರಿಸುತ್ತಿದ್ದೇನೆ.

ಹಿರಿಯರ ಮಾತಿನಲ್ಲಿ ಸತ್ಯವಿಲ್ಲ ಎನ್ನಲಾರೆ. 1806ರಲ್ಲಿ ಅಮೆರಿಕದ ವಿಲಿಯಮ್ಸ್ ಕಾಲೇಜಿನ ಐವರು ವಿದ್ಯಾರ್ಥಿಗಳು ಗುಡುಗು ಮಳೆಗೆ ಸಿಕ್ಕಿ ಹುಲ್ಲಿನ ಬಣವೆಯ ಆಸರೆಯಲ್ಲಿ ಪ್ರಾರ್ಥಿಸಿದ್ದು ಯಾರ ಕಾರ್ಯಯೋಜನೆಯಲ್ಲಿಯೂ ಇರಲಿಲ್ಲ. ಅಂಥ ಘಳಿಗೆಯನ್ನು ನಾವು ಬೇಡಿಕೊಳ್ಳಬಹುದೇ ಹೊರತು ಏರ್ಪಡಿಸಲಾಗದು. ಆದರೆ ಆ ಬಣವೆಯ ಕೆಳಗಿನ ಪ್ರಾರ್ಥನೆ ಒಂದು ಸಂಜೆಗೇ ಮುಗಿದುಹೋಗದೆ ನಾಲ್ಕು ವರ್ಷಗಳಲ್ಲಿ ಒಂದು ಮಿಷನ್ ಸಂಸ್ಥೆಯ ಹುಟ್ಟಿಗೆ ಕಾರಣವಾಯಿತೆಂದರೆ, ಯಾರೋ ಕುಳಿತು ಪತ್ರ ಬರೆದರು, ಹಣ ಕೂಡಿಸಿದರು, ಹೆಸರುಗಳನ್ನು ಪಟ್ಟಿ ಮಾಡಿದರು ಎಂದೇ ಅರ್ಥ.

ಕ್ರಮವನ್ನು ಹಗುರವಾಗಿ ಕಾಣುವವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕಥೆಯನ್ನು ಒಮ್ಮೆ ನೆನೆಯಬೇಕು. 1729ರ ಸುಮಾರಿಗೆ ಅಲ್ಲಿನ ವಿದ್ಯಾರ್ಥಿ ಚಾರ್ಲ್ಸ್ ವೆಸ್ಲಿ ಮತ್ತು ಅವರ ಗೆಳೆಯರು ಇಷ್ಟು ಹೊತ್ತಿಗೆ ಓದು, ಇಷ್ಟು ಹೊತ್ತಿಗೆ ಪ್ರಾರ್ಥನೆ, ಈ ದಿನ ಸೆರೆಮನೆಯ ಭೇಟಿ ಎಂದು ಬದುಕಿಗೆ ಕಟ್ಟು ಹಾಕಿಕೊಂಡರು. ಅಣ್ಣ ಜಾನ್ ವೆಸ್ಲಿ ಬಂದು ಅದರ ಮುಂದಾಳಾದರು. ಅದನ್ನು ಕಂಡು ಉಳಿದವರು ಹಂಗಿಸಲು ಕಟ್ಟಿದ ಅಡ್ಡಹೆಸರೇ ‘ಮೆಥಡಿಸ್ಟ್’. ಇಂದು ಬೀದರಿನಲ್ಲಿ ಎಷ್ಟೋ ಕುಟುಂಬಗಳು ತಮ್ಮ ಸಭೆಯ ಹೆಸರೆಂದು ಹೇಳಿಕೊಳ್ಳುವ ಆ ಪದ ಹುಟ್ಟಿದ್ದು ಒಂದು ಕ್ಯಾಂಪಸ್ಸಿನಲ್ಲಿ, ಕೆಲವೇ ವಿದ್ಯಾರ್ಥಿಗಳ ದಿನಚರಿಯಿಂದ.

ಅದಕ್ಕಿಂತ ಮುಖ್ಯವಾದದ್ದು 1742ರಲ್ಲಿ ಬ್ರಿಸ್ಟಲ್‌ನಲ್ಲಿ ನಡೆದದ್ದು. ಅಲ್ಲಿನ ಮೆಥಡಿಸ್ಟರ ಸಭಾ ಕಟ್ಟಡದ ಸಾಲ ತೀರಿಸಬೇಕಾಗಿತ್ತು. ಹನ್ನೆರಡು ಜನರಿಗೊಬ್ಬ ಮುಂದಾಳು, ಆತ ವಾರಕ್ಕೊಮ್ಮೆ ಪ್ರತಿಯೊಬ್ಬರಿಂದಲೂ ಒಂದೊಂದು ಪೆನ್ನಿ ನಾಣ್ಯ ಸಂಗ್ರಹಿಸಬೇಕು ಎಂದು ಗೊತ್ತುಮಾಡಿದರು. ಪೆನ್ನಿಗಾಗಿ ಮನೆಮನೆಗೆ ಹೋದವರಿಗೆ ಯಾರ ಮನೆಯಲ್ಲಿ ಜಗಳ, ಯಾರು ಮತ್ತೆ ಕುಡಿತಕ್ಕೆ ಬಿದ್ದಿದ್ದಾರೆ ಎಂಬುದೆಲ್ಲ ಕಂಡಿತು. ಜಾನ್ ವೆಸ್ಲಿಯವರು ಅದನ್ನು ಕೂಡಲೇ ಗ್ರಹಿಸಿದರು. ಸಾಲದ ವಸೂಲಿಗೆಂದು ಹುಟ್ಟಿದ ಗುಂಪು ಆತ್ಮಗಳ ಪಾಲನೆಯ ಗುಂಪಾಯಿತು. ಬಯಲಿನಲ್ಲಿ ಸಾವಿರಾರು ಜನರಿಗೆ ಬೋಧಿಸುವುದರಲ್ಲಿ ಅದೇ ಆಕ್ಸ್‌ಫರ್ಡ್ ಗುಂಪಿನ ಜಾರ್ಜ್ ವಿಟ್‌ಫೀಲ್ಡ್ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಕೇಳಿದವರನ್ನು ಗುಂಪುಗಳಲ್ಲಿ ಕೂಡಿಸಿ ಉಳಿಸಿಕೊಂಡದ್ದು ವೆಸ್ಲಿಯವರ ಪೆನ್ನಿ ಪಟ್ಟಿ.

ನನ್ನ ಸ್ವಂತ ಅನುಭವವೂ ಇದನ್ನೇ ಹೇಳುತ್ತದೆ. ನಾನು ಪದವಿ ಓದುತ್ತಿದ್ದಾಗ ನಮ್ಮ ಕೂಟದ ಕಾರ್ಯದರ್ಶಿಯಾಗಿದ್ದ ಅಣ್ಣನೊಬ್ಬ ಗಿಟಾರ್ ಹಿಡಿದರೆ ಹಾಸ್ಟೆಲಿನ ಮೂರೂ ಮಹಡಿಗಳಿಂದ ಹುಡುಗರು ಇಳಿದು ಬರುತ್ತಿದ್ದರು. ಏಪ್ರಿಲಿನಲ್ಲಿ ಆತನ ಪರೀಕ್ಷೆ ಮುಗಿಯಿತು. ಜೂನಿನಲ್ಲಿ ನಾವು ಹಿಂದಿರುಗಿ ನೋಡಿದರೆ ಕೂಟದ ಕೋಣೆಗೆ ಬೀಗ, ಹಾರ್ಮೋನಿಯಂ ಒಳಗೆ, ಬೀಗದ ಕೈ ಆತನ ಟ್ರಂಕಿನಲ್ಲಿ ಮುಂಬಯಿ ಸೇರಿತ್ತು. ಜಗುಲಿಯ ಮೆಟ್ಟಿಲ ಮೇಲೆ ಕುಳಿತ ನಾವು ನಾಲ್ವರು. ಅವರಲ್ಲಿ ಭಾಲ್ಕಿ ಕಡೆಯ ಒಬ್ಬ ಹುಡುಗನಿದ್ದ; ಹಾಡು ಬಾರದು, ನಿಂತು ಪ್ರಾರ್ಥಿಸಲೂ ಸಂಕೋಚ. ಅವನ ಬಳಿ ಅಂಗಡಿಯವರು ಬಳಸುವ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕವಿತ್ತು. ಜಮಾ ಕಡೆ ಕೂಟಕ್ಕೆ ಬಂದವರ ಹೆಸರು, ಖರ್ಚಿನ ಕಡೆ ಬಾರದವರ ಹೆಸರು, ಅದರ ಮುಂದೆ ಪೆನ್ಸಿಲಿನಲ್ಲಿ ಒಂದು ಸಾಲು: ‘ಜ್ವರ. ರೂಮ್ 22. ಊಟ ಒಯ್ದು ಕೊಟ್ಟೆ.’ ಮರುವರ್ಷ ಆ ಕೂಟವನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದು ಆ ಪುಸ್ತಕ.

ಆದ್ದರಿಂದ ಯೋಜನೆಯನ್ನು ಖಂಡಿತ ಬರೆಯಿರಿ. ಆದರೆ ಅದನ್ನು ಕಾರ್ಯಕ್ರಮಗಳಿಂದ ಶುರುಮಾಡಬೇಡಿ, ಹೊಣೆಯ ಹಸ್ತಾಂತರದಿಂದ ಶುರುಮಾಡಿ. ಮೂರು ವರ್ಷದ ಪದವಿಯೆಂದರೆ ಆರು ಸೆಮಿಸ್ಟರ್. ಮೊದಲನೆಯದು ಹೊಸ ಜಾಗಕ್ಕೆ ಒಗ್ಗುವುದರಲ್ಲಿ, ಆರನೆಯದು ಪ್ರಾಜೆಕ್ಟ್ ಮತ್ತು ಕೆಲಸದ ಹುಡುಕಾಟದಲ್ಲಿ ಹೋಗುತ್ತದೆ. ಎರಡು ಮತ್ತು ಮೂರರಲ್ಲಿ ಹಿರಿಯ ವಿದ್ಯಾರ್ಥಿಯ ಜೊತೆಗಿದ್ದು ಕಲಿಯಬೇಕು. ಸ್ವತಃ ಹೊಣೆ ಹೊರಲು ಉಳಿಯುವುದು ನಾಲ್ಕು ಮತ್ತು ಐದು, ಅಂದರೆ ಒಂದೇ ವರ್ಷ. ಐದನೆಯ ಸೆಮಿಸ್ಟರ್ ಅರ್ಧ ಕಳೆಯುವಷ್ಟರಲ್ಲಿ ಮುಂದಿನವರ ಹೆಸರು ನಿಮ್ಮ ಮನಸ್ಸಿನಲ್ಲಿ ಇಲ್ಲದಿದ್ದರೆ ಆ ವರ್ಷ ಕೈತಪ್ಪಿತೆಂದೇ ತಿಳಿಯಿರಿ. ವಿಶ್ವವಿದ್ಯಾಲಯದ ಕ್ಯಾಲೆಂಡರನ್ನು ಮೊದಲು ಮುಂದಿಟ್ಟುಕೊಂಡು ಇಂಟರ್ನಲ್ ಪರೀಕ್ಷೆ, ಫೆಸ್ಟ್, ರಜೆಗಳನ್ನು ಗುರುತುಮಾಡಿ. ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳಾದ ಆಗಮನ ಕಾಲವೂ ಪರೀಕ್ಷೆಯೂ ಒಂದರ ಮೇಲೊಂದು ಬಂದ ವರ್ಷ ಗೀತಸಂಜೆಯನ್ನು ಚಿಕ್ಕದು ಮಾಡಿ. ಆದರೆ ಹೊಸಬರು ಬಂದ ಮೊದಲ ಆರು ವಾರಗಳಿಗೆ ನಿಮ್ಮ ಶಕ್ತಿಯನ್ನೆಲ್ಲ ಮೀಸಲಿಡಿ, ಏಕೆಂದರೆ ಯಾರ ಜೊತೆ ಕುಳಿತು ಉಣ್ಣಬೇಕೆಂಬುದನ್ನು ಹುಡುಗರು ಆ ದಿನಗಳಲ್ಲೇ ತೀರ್ಮಾನಿಸಿಬಿಡುತ್ತಾರೆ.

ಇಲ್ಲಿ ನಿಮ್ಮನ್ನು ಸ್ವಲ್ಪ ಗದರಿಸಬೇಕಾಗಿದೆ. ಕುರ್ಚಿ ಹಾಕುವುದು, ವಾಟ್ಸ್ಆ್ಯಪ್ ಸಂದೇಶ ಕಳಿಸುವುದು, ಹಾಡಿಸುವುದು, ಬೋಧಿಸುವುದು, ಕೊನೆಗೆ ಬೀಗ ಹಾಕುವುದು ಎಲ್ಲವೂ ನೀವೇ ಎಂದು ಎರಡನೆಯ ಪುಟದಲ್ಲಿ ಬರೆದಿದ್ದೀರಿ. ಬೆಳಗಿನಿಂದ ಸಂಜೆಯವರೆಗೂ ಒಬ್ಬನೇ ಕುಳಿತು ಜನರ ವ್ಯಾಜ್ಯ ಕೇಳುತ್ತಿದ್ದ ಇಸ್ರಾಯೇಲರ ನಾಯಕ ಮೋಶೆಗೆ ಅವನ ಮಾವ ಇತ್ರೋನನು, ನೀನೂ ಬಳಲುತ್ತೀ, ಜನರನ್ನೂ ಬಳಲಿಸುತ್ತೀ ಎಂದು ಹೇಳಿ, ಹತ್ತು ಜನರಿಗೊಬ್ಬ ಅಧಿಪತಿಯವರೆಗೆ ಹೊಣೆ ಹಂಚಿಸಿದ್ದನ್ನು ನೀವು ವಿದ್ಯಾರ್ಥಿಗಳಿಗೆ ಬೋಧಿಸಿಯೇ ಇರುತ್ತೀರಿ. 14 ಜನರಿದ್ದಾರೆ ಎಂದು ಕೊರಗಬೇಡಿ. ಇಬ್ಬರು ಮುಂದಾಳುಗಳಿಗೆ ಏಳೇಳು ಜನರನ್ನು ಒಪ್ಪಿಸಲು ಅದು ಸಾಕು.

ಮುಂದಾಳುಗಳನ್ನು ಆರಿಸುವ ಮಾತು ಬಂದಾಗ ಬಹುಕಾಲದಿಂದ ನನ್ನನ್ನು ಕೊರೆಯುತ್ತಿರುವ ನೋವನ್ನು ಹೇಳದಿರಲಾರೆ. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷಿನಲ್ಲಿ ಸರಾಗವಾಗಿ ಪ್ರಾರ್ಥಿಸಬಲ್ಲವನೇ ನಾಯಕ. ಗದಗ, ರಾಯಚೂರು, ಬೀದರಿನ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಹಿಂದಿನ ಸಾಲಿನಲ್ಲಿ ಕುಳಿತು, ಬಾರದ ಹಾಡಿಗೆ ತುಟಿಯಾಡಿಸಿ, ಎರಡನೆಯ ತಿಂಗಳಿಗೆ ಬರುವುದನ್ನೇ ಬಿಡುತ್ತಾರೆ. ನಾವು ಅದಕ್ಕೆ ಆಸಕ್ತಿ ಇಲ್ಲ ಎಂದು ಹೆಸರಿಡುತ್ತೇವೆ. ಯೆರೂಸಲೇಮಿನ ಮೊದಲ ಕ್ರೈಸ್ತ ಸಭೆಯಲ್ಲಿಯೂ ಇದೇ ಆಗಿತ್ತು. ಸತ್ಯವೇದದ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಆರನೆಯ ಅಧ್ಯಾಯವನ್ನು ಆಡಳಿತದ ಪಾಠವೆಂದು ಎಲ್ಲರೂ ಓದುತ್ತಾರೆ. ಆದರೆ ಅಲ್ಲಿನ ತಕರಾರು ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಅಲಕ್ಷ್ಯವಾಗುತ್ತಿದೆ ಎಂಬುದು. ಸಭೆ ಮಾಡಿದ್ದೇನು? ಸ್ತೆಫನ, ಫಿಲಿಪ್ಪ, ನಿಕೊಲಾಯ ಸೇರಿ ಏಳು ಮಂದಿಯನ್ನು ಆರಿಸಿತು. ಏಳೂ ಗ್ರೀಕ್ ಹೆಸರುಗಳು. ಯಾರ ದೂರಿತ್ತೋ ಅವರ ಮಾತು ಬಲ್ಲವರ ಕೈಗೇ ಹಂಚುವ ಹೊಣೆ ಹೋಯಿತು.

ಜರ್ಮನಿಯಿಂದ ಬಂದ ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು, ಕಿಟೆಲ್ ತಮ್ಮ ಆಯುಷ್ಯದ ಬಹುಭಾಗವನ್ನು ತೆತ್ತು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟರು. ಅವರ ಭಾವಚಿತ್ರಗಳಿಗೆ ಹಾರ ಹಾಕುವ ನಾವು, ಇದೇ ನೆಲದ ಮಕ್ಕಳೊಂದಿಗೆ ಅವರ ತಾಯಿನುಡಿಯಲ್ಲಿ ಸತ್ಯವೇದ ಅಧ್ಯಯನ ನಡೆಸಲು ಹಿಂಜರಿಯುತ್ತೇವೆ. ಇದು ನನಗೆ ನಿಜವಾಗಿಯೂ ದುಃಖದ ವಿಷಯ.

ಸೌಂಡ್ ಸಿಸ್ಟಮ್‌ನ ಹಣದ ಬಗ್ಗೆ ಕೇಳಿದ್ದೀರಿ. ಬುರುಜು ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕಲಿ ಎಂದು ಯೇಸು ಸ್ವಾಮಿಯೇ ಹೇಳಿದ್ದಾರೆ. ಗೀತಸಂಜೆಗೆ ಬಾಡಿಗೆಯ ಸೌಂಡ್ ಸಿಸ್ಟಮ್ ಸಾಕು. ಉಳಿದ ಹಣವನ್ನು ರಜೆಯಲ್ಲಿ ಈ 14 ಮಂದಿಯ ಊರುಗಳಿಗೆ ಹೋಗಿಬರುವ ಬಸ್ ಚಾರ್ಜಿಗೆ, ಹೊಸಬರೊಂದಿಗೆ ಕುಳಿತು ಉಣ್ಣುವ ಊಟಕ್ಕೆ, ಕನ್ನಡ ಗೀತೆಗಳ ಪುಸ್ತಕಕ್ಕೆ ಇಡಿ.

ನಿಮ್ಮ ಪತ್ರದ ಮೂರನೆಯ ಪುಟದ ಅಂಚಿನಲ್ಲಿ ಒಂದು ಸಾಲು ಇದೆ. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಎಲ್ಲರಿಗಿಂತ ಮುಂಚೆ ಬಂದು ಚಾಪೆ ಹಾಸುತ್ತಾಳೆ, ಬಾರದವರ ಕೋಣೆಗೆ ಹೋಗಿ ವಿಚಾರಿಸಿ ಬರುತ್ತಾಳೆ, ಇಂಗ್ಲಿಷ್ ಬಾರದ ಕಾರಣ ಸಮಿತಿಗೆ ಸೇರಿಸಿಕೊಂಡಿಲ್ಲ ಎಂದು. ಮುಂದಿನ ಬುಧವಾರ ಕೂಟ ಮುಗಿದ ಮೇಲೆ ಕೋಣೆಯ ಬೀಗದ ಕೈಯನ್ನು ಆ ತಂಗಿಯ ಕೈಗೆ ಕೊಡಿ. ಜೊತೆಗೆ ಒಂದು ಲೆಕ್ಕದ ಪುಸ್ತಕವನ್ನೂ ಕೊಡಿ. ಜೂನಿನಲ್ಲಿ ನನಗೆ ಮತ್ತೆ ಬರೆಯಿರಿ.