ಐವಿಎಫ್ (ಲ್ಯಾಬ್‌ನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಫೇಲ್ ಆದಮೇಲೆ ಹೆಂಡತಿ ಅಳುತ್ತಿರುತ್ತಾಳೆ, ಸಮಾಧಾನ ಹೇಳಿದರೆ ಜಗಳ. ಗಂಡನಾಗಿ ನಾನೇನು ಮಾಡಲಿ?

ನಾನೂ ಅದೇ ಜಾಗದಲ್ಲಿ ಇದ್ದವನು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು, ನಾನು ಮಾಡಿದ ತಪ್ಪು. "ಟೆನ್ಷನ್ ತಗೋಬೇಡ, ಅದರಿಂದಲೇ ನಿಲ್ತಿಲ್ಲ" ಅಂದಿದ್ದೆ. ಪ್ರೀತಿಯಿಂದಲೇ ಅಂದಿದ್ದು. ಅವಳಿಗೆ ಕೇಳಿಸಿದ್ದು "ತಪ್ಪು ನಿನ್ನದೇ" ಅಂತ. ಆ ಮಾತು ನಿಜವೂ ಅಲ್ಲ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ಅಧ್ಯಯನಗಳ, 3,583 ಹೆಂಗಸರ ಲೆಕ್ಕ ಒಟ್ಟು ಮಾಡಿ ನೋಡಿದ್ದರು. ಚಿಕಿತ್ಸೆಗೆ ಮುಂಚೆ ಇದ್ದ ಆತಂಕಕ್ಕೂ ಆ ಸೈಕಲ್‌ನಲ್ಲಿ, ಅಂದರೆ ಆ ಸುತ್ತಿನ ಚಿಕಿತ್ಸೆಯಲ್ಲಿ, ಗರ್ಭ ನಿಲ್ಲುವುದಕ್ಕೂ ನಂಟು ಕಾಣಲಿಲ್ಲ. ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ ಎರಡು ಸಲ ಕೇಳಿದಳು: "ಹಾಗಾದ್ರೆ ನಾನು ಅತ್ತಿದ್ದಕ್ಕೆ ಅಲ್ವಾ?"

ಎಂಬ್ರಿಯೋ ಟ್ರಾನ್ಸ್‌ಫರ್‌ನಿಂದ (ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು) ಗರ್ಭ ನಿಂತಿದೆಯಾ ಅಂತ ನೋಡುವ ರಕ್ತ ಪರೀಕ್ಷೆವರೆಗಿನ ಸುಮಾರು ಎರಡು ವಾರ ಇದೆಯಲ್ಲ, ನಮಗೆ ಇಂಜೆಕ್ಷನ್‌ಗಿಂತ ಅದೇ ಕಷ್ಟವಾಗಿತ್ತು. ಇಂಜೆಕ್ಷನ್ ದಿನಗಳಲ್ಲಿ ಕೈಗೊಂದು ಕೆಲಸ ಇರುತ್ತದೆ. ಇವತ್ತು ಹೊಕ್ಕುಳಿನ ಎಡಕ್ಕೆ, ನಾಳೆ ಬಲಕ್ಕೆ. ಆಮೇಲೆ ಸುಮ್ನೆ ಕಾಯುವುದು. ಗರ್ಭ ನಿಲ್ಲಲಿ ಅಂತ ಡಾಕ್ಟರು ಕೊಡುವ ಪ್ರೊಜೆಸ್ಟರಾನ್ ಹಾರ್ಮೋನಿನಿಂದಲೇ ಎದೆ ನೋಯುತ್ತದೆ, ಹೊಟ್ಟೆ ಉಬ್ಬುತ್ತದೆ, ಥೇಟ್ ಬಸುರಿನ ಹಾಗೆ. ಆಸೆ ಹುಟ್ಟದೆ ಇರುತ್ತದೆಯೇ? ಅವಳು ಬಾತ್‌ರೂಮಿನಿಂದ ಬಂದಾಗಲೆಲ್ಲ ನಾನು ಮುಖ ನೋಡುತ್ತಿದ್ದೆ. "ಹಾಗೆ ನೋಡ್ಬೇಡ" ಅಂತ ಒಂದು ದಿನ ಕಿರುಚಿಬಿಟ್ಟಳು.

ರಿಪೋರ್ಟ್ ನೆಗೆಟಿವ್ ಬಂದಾಗ ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಮುಖ ತೊಳೆದುಕೊಂಡು ಮನೆಗೆ ಹೋದೆ, ಗಂಡಸು ಗಟ್ಟಿಯಾಗಿರಬೇಕು ನೋಡಿ. ಇವನಿಗೆ ಏನೂ ಅನಿಸಲೇ ಇಲ್ಲ ಅಂತ ಅವಳು ತಿಂಗಳುಗಟ್ಟಲೆ ಅಂದುಕೊಂಡಿದ್ದಳು. ಕೌನ್ಸೆಲರ್ ಎದುರು ಈ ವಿಷಯ ಬಾಯಿಬಿಟ್ಟಾಗ ಅವಳಿಗೆ ಮೊದಲು ಬಂದಿದ್ದು ಸಿಟ್ಟು. "ನನ್ನೊಬ್ಬಳನ್ನೇ ಅಳೋಕೆ ಬಿಟ್ಯಲ್ಲ" ಅಂದಳು. ಆದ್ದರಿಂದ ಸಮಾಧಾನ ಹೇಳುವುದನ್ನು ನಿಲ್ಲಿಸಿ. ನಿಮಗೂ ಸಂಕಟ ಆಗಿದ್ದರೆ ಅದನ್ನು ಹೇಳಿ.

ಕೌನ್ಸೆಲರ್ ಕೊಟ್ಟ ಒಂದು ಉಪಾಯ ನಮಗೆ ಕೆಲಸ ಮಾಡಿತು. ಚಿಕಿತ್ಸೆಯ ಮಾತು ದಿನಕ್ಕೆ 20 ನಿಮಿಷ ಮಾತ್ರ, ಫೋನಿನಲ್ಲಿ ಟೈಮರ್ ಇಟ್ಟು. ಮೊದಲೆರಡು ದಿನ ನಗು ಬಂತು. ಆಮೇಲೆ ಉಳಿದ ಹೊತ್ತು ನಿಜವಾಗಿಯೂ ನಮ್ಮದಾಯಿತು. ನೆಂಟರಿಗೆ ರಿಸಲ್ಟ್ ಹೇಳುವ ಕೆಲಸ ನೀವೇ ವಹಿಸಿಕೊಳ್ಳಿ. ಇನ್ನೆಷ್ಟು ಸಲ ಪ್ರಯತ್ನ ಅನ್ನುವುದನ್ನು ಮುಂದಿನ ಸೈಕಲ್‌ಗೆ ಮುಂಚೆಯೇ ಕೂತು ಮಾತಾಡಿ, ನೆಗೆಟಿವ್ ಬಂದ ರಾತ್ರಿ ಬೇಡ.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡಿ. ಬದುಕೇ ಬೇಡ ಅನ್ನುವ ಮಾತು ಬಂದರಂತೂ ಅವತ್ತೇ ಹೋಗಿ. ಐವಿಎಫ್ ನಡೆಯುತ್ತಿದೆ ಅಂತ ಅವರಿಗೆ ತಿಳಿಸಿ. ಈಗಾಗಲೇ ಮನಸ್ಸಿನ ಕಾಯಿಲೆಗೆ ಮಾತ್ರೆ ನಡೆಯುತ್ತಿದ್ದರೆ, ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ನಮಗೆ ಕೊನೆಗೆ ಮಗು ಆಯ್ತಾ ಇಲ್ವಾ ಅಂತ ಬೇಕಂತಲೇ ಬರೆದಿಲ್ಲ. ಇಂಥ ಉತ್ತರಗಳಲ್ಲಿ ನಾನೂ ಮೊದಲು ಕೊನೆಯ ಸಾಲಿಗೆ ಹೋಗಿ ಅದನ್ನೇ ಹುಡುಕುತ್ತಿದ್ದೆ.